ಉಂಡೂ ಹೋದ, ಕೊಂಡೂ ಹೋದ, ಮತ್ತೆ ಬಂದ

ವ್ಯಾಪಾರದಲ್ಲಿ ಮುಳುಗಿದವರು ಊರು ಬಿಡುವುದು ಹಳೆಯ ಪದ್ಧತಿ. ಕ್ರಿಪ್ಟೊ ವ್ಯಾಪಾರಿಗೆ ಆ ಕಷ್ಟವಿಲ್ಲ, ಬಿಡುವುದಕ್ಕೆ ಅವರಿಗೆ ಊರೇ ಇರುವುದಿಲ್ಲ. ಕಂಪನಿಯ ನೋಂದಣಿ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ, ಆಫೀಸು ಸಿಂಗಪುರದಲ್ಲಿ, ಮನೆ ದುಬೈಯಲ್ಲಿ, ಗಿರಾಕಿಗಳು ಭೂಮಂಡಲದಲ್ಲೆಲ್ಲ. ಗಿರಾಕಿಗಳ ದುಡ್ಡು ಎಲ್ಲಿದೆ ಎನ್ನುವುದು ಮಾತ್ರ ಕೋರ್ಟು ಕೇಳುವವರೆಗೆ ಯಾರಿಗೂ ತಿಳಿಯದು. ಎಷ್ಟೋ ಸಲ ಕೇಳಿದ ಮೇಲೂ ತಿಳಿಯದು.

ನಮ್ಮ ಬೀದಿಯಲ್ಲಿ ಚೀಟಿ ನಡೆಸಿ, ಎಲ್ಲರ ಕಂತು ಬಾಚಿಕೊಂಡು ರಾತ್ರೋರಾತ್ರಿ ಪರಾರಿಯಾದವನು ಮತ್ತೆ ಆ ಬೀದಿಗೆ ಕಾಲಿಡುವುದಿಲ್ಲ. ಬರಲೇಬೇಕಾಗಿ ಬಂದರೂ ಮುಖಕ್ಕೆ ಟವೆಲ್ ಸುತ್ತಿಕೊಂಡು ಬರುತ್ತಾನೆ. ಈ ಮಹಾಶಯರು ಹಾಗಲ್ಲ. ಅದೇ ಬೀದಿಗೆ, ಅದೇ ಮನೆಗಳ ಮುಂದೆ ಹೊಸ ಬೋರ್ಡು ಹೊತ್ತುಕೊಂಡು ಬಂದು ನಿಲ್ಲುತ್ತಾರೆ. "ಹೋದ ಸಲ ಆದದ್ದರಿಂದ ನಾವೆಲ್ಲ ತುಂಬಾ ಕಲಿತೆವು" ಎನ್ನುತ್ತಾರೆ. ಆ "ನಾವೆಲ್ಲ" ಎಂಬುದರಲ್ಲಿ ದುಡ್ಡು ಕಳೆದುಕೊಂಡವರೂ ಸೇರಿದ್ದಾರೆ. ಫೀಸು ಕಟ್ಟಿದವರು ಅವರು, ಸರ್ಟಿಫಿಕೇಟು ಇವರಿಗೆ.

ಇವರನ್ನು ಗುರುತಿಸುವುದು ಸುಲಭ. ವಯಸ್ಸು ಸಾಮಾನ್ಯವಾಗಿ ಮೂವತ್ತರ ಆಚೀಚೆ, ಅಪರೂಪಕ್ಕೆ ಅರವತ್ತರ ಹತ್ತಿರದವರೂ ಉಂಟು. ಸೂಟು ತೊಡುವುದು ಕೋರ್ಟಿಗೆ ಹೋಗುವಾಗ ಮಾತ್ರ. ಉಳಿದ ದಿನ ಟೀ ಶರ್ಟು, ಅದರ ಮೇಲೊಂದು ಉಪದೇಶ. ಸೆಲ್ಸಿಯಸ್ ಎಂಬ ಕ್ರಿಪ್ಟೊ ಠೇವಣಿ ಕಂಪನಿಯ ಅಲೆಕ್ಸ್ ಮಶಿನ್‌ಸ್ಕಿ "ಬ್ಯಾಂಕುಗಳು ನಿಮ್ಮ ಮಿತ್ರರಲ್ಲ" ಎಂದು ಅಚ್ಚು ಹಾಕಿಸಿದ ಶರ್ಟು ತೊಟ್ಟು ಜನರ ಠೇವಣಿ ಕೂಡಿಸಿದವರು. 2022ರ ಜೂನ್‌ನಲ್ಲಿ ಅವರ ಕಂಪನಿ ಹಣ ವಾಪಸು ಕೊಡುವುದನ್ನು ನಿಲ್ಲಿಸಿತು. 2025ರಲ್ಲಿ ಅವರಿಗೆ 12 ವರ್ಷ ಶಿಕ್ಷೆಯಾಯಿತು. ಶರ್ಟಿನ ಮೇಲೆ ಬರೆದದ್ದು ಸುಳ್ಳಿರಲಿಕ್ಕಿಲ್ಲ. ಯಾರು ಯಾರು ಮಿತ್ರರಲ್ಲ ಎಂಬ ಪಟ್ಟಿ ಅರ್ಧಕ್ಕೇ ನಿಂತಿತ್ತು, ಅಷ್ಟೆ.

ವೇಷಕ್ಕಿಂತ ವ್ಯಾಕರಣ ನೋಡಿದರೆ ಇನ್ನೂ ಬೇಗ ಪತ್ತೆ ಹಚ್ಚಬಹುದು. ಬೆಲೆ ಏರುವಾಗ ಇವರದು ಶುದ್ಧ ಕರ್ತರಿ ಪ್ರಯೋಗ: ನಾನು ಕಟ್ಟಿದೆ, ನಾನು ಕಂಡುಹಿಡಿದೆ, ನಾನು ಬ್ಯಾಂಕುಗಳ ಸೊಕ್ಕು ಮುರಿದೆ. ಬೆಲೆ ಬಿದ್ದ ದಿನ ಕರ್ಮಣಿ ಪ್ರಯೋಗ ಶುರುವಾಗುತ್ತದೆ: ತಪ್ಪುಗಳು ಮಾಡಲ್ಪಟ್ಟವು, ಹಣವು ವರ್ಗಾಯಿಸಲ್ಪಟ್ಟಿತು, ನಂಬಿಕೆಯು ಕಳೆಯಲ್ಪಟ್ಟಿತು. ಹೈಸ್ಕೂಲಿನಲ್ಲಿ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದರೂ ನಮಗೆ ಹತ್ತದ ಈ ಪ್ರಯೋಗ ಇವರಿಗೆ ಒಂದೇ ರಾತ್ರಿಯಲ್ಲಿ ಸಿದ್ಧಿಸುತ್ತದೆ. ಕರ್ತೃ ಎಲ್ಲಿ ಹೋದ ಎಂದು ಹುಡುಕಿದರೆ ಅವನು ಆಗಲೇ ವಿಮಾನ ಹತ್ತಿರುತ್ತಾನೆ.

ಕ್ಷಮಾಪಣೆಯಲ್ಲೂ ಇವರದೇ ಶೈಲಿ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ಎಕ್ಸ್‌ಚೇಂಜ್ ಕುಸಿದ ಕೆಲವೇ ದಿನಕ್ಕೆ ಅದರ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್ ಟ್ವಿಟರ್‌ನಲ್ಲಿ "ಏನಾಯಿತು" ಎಂಬರ್ಥದ ಇಂಗ್ಲಿಷ್ ಮಾತನ್ನು ಅಕ್ಷರ ಬಿಡಿಸಿ, ಒಂದೊಂದು ಟ್ವೀಟಿಗೆ ಒಂದೊಂದರಂತೆ ಹಾಕತೊಡಗಿದರು. ಜನ ದುಡ್ಡಿಗೆ ಕಾದಿದ್ದರು, ಸಿಕ್ಕಿದ್ದು ಕಂತಿನಲ್ಲಿ ಅಕ್ಷರಾಭ್ಯಾಸ. ಆಮೇಲೆ ಶಿಕ್ಷೆಯ ಪ್ರಮಾಣ ನಿಗದಿಯಾಗುವ ಹೊತ್ತಿಗೆ ಸರ್ಕಾರಿ ವಕೀಲರು ಅವರ ಟಿಪ್ಪಣಿಯೊಂದನ್ನು ಕೋರ್ಟಿನ ಮುಂದಿಟ್ಟರು. ಕೆಟ್ಟ ಹೆಸರು ತೊಳೆದುಕೊಳ್ಳುವ ಉಪಾಯಗಳ ಪಟ್ಟಿ ಅದು. ಬಲಪಂಥೀಯ ಟಿವಿ ನಿರೂಪಕ ಟಕರ್ ಕಾರ್ಲ್‌ಸನ್ ಅವರ ಕಾರ್ಯಕ್ರಮಕ್ಕೆ ಹೋಗಿ ತಾನು ರಿಪಬ್ಲಿಕನ್ ಎಂದು ಘೋಷಿಸಿಕೊಳ್ಳುವುದು ಅದರಲ್ಲೊಂದು. ನ್ಯಾಯಾಧೀಶರು 2024ರ ಮಾರ್ಚ್‌ನಲ್ಲಿ 25 ವರ್ಷ ವಿಧಿಸಿದರು. ಮರುವರ್ಷದ ಮಾರ್ಚ್‌ನಲ್ಲಿ ಅವರು ಜೈಲಿನಿಂದಲೇ ಅದೇ ಕಾರ್ಲ್‌ಸನ್‌ಗೆ ಸಂದರ್ಶನ ಕೊಟ್ಟರು. ಗಿರಾಕಿಗಳಿಗೆ ಕೊಟ್ಟ ಮಾತು ಏನೇ ಆಗಲಿ, ತಮಗೆ ತಾವೇ ಬರೆದುಕೊಂಡ ಪಟ್ಟಿಗೆ ಅವರು ನಿಷ್ಠರು.

ಬಿದ್ದವರಿಗೆ ಮುಂದಿನ ಘಟ್ಟ ವನವಾಸ. ಪಾಂಡವರಿಗೆ ಅದು 12 ವರ್ಷ, ಅದರ ಮೇಲೆ ಒಂದು ವರ್ಷ ಅಜ್ಞಾತವಾಸ. ಅದೂ ಧರ್ಮರಾಯ ಪಗಡೆಯಲ್ಲಿ ಸೋತದ್ದು ತನ್ನ ರಾಜ್ಯ. ನಮ್ಮ ಮಹಾಶಯರು ಸೋಲುವುದು ಬೇರೆಯವರ ಪಿಂಚಣಿ, ವನವಾಸ ಮಾತ್ರ ತಿಂಗಳುಗಳ ಲೆಕ್ಕದಲ್ಲಿ, ಅದೂ ಕಡಲ ತೀರದಲ್ಲಿ.

ಸು ಝು ಮತ್ತು ಕೈಲ್ ಡೇವಿಸ್ ಶಾಲಾ ದಿನಗಳ ಗೆಳೆಯರು. ಸಿಂಗಪುರದಿಂದ ನಡೆಸುತ್ತಿದ್ದ ಅವರ ಕ್ರಿಪ್ಟೊ ಹೂಡಿಕೆ ಸಂಸ್ಥೆ ತ್ರೀ ಆರೋಸ್ ಕ್ಯಾಪಿಟಲ್ 2022ರ ಜೂನ್‌ನಲ್ಲಿ ಮುಳುಗಿತು. ಸಾಲ ಕೊಟ್ಟವರು ಕೇಳಿದ ಬಾಕಿ 300 ಕೋಟಿ ಡಾಲರಿಗೂ ಹೆಚ್ಚು. ಇಬ್ಬರೂ ಅಷ್ಟರಲ್ಲಿ ಒಂದು ವಿಲಾಸಿ ನೌಕೆ ಕಟ್ಟಿಸಲು ಹೊರಟಿದ್ದರು, ಅದಕ್ಕೆ "ಮಚ್ ವಾವ್" ಎಂದು ನಾಮಕರಣವೂ ಆಗಿತ್ತು. ನೌಕೆ ಕೈಗೆ ಬರುವ ಮೊದಲೇ ಕಂಪನಿ ತಳ ಕಂಡಿತು. ಆಮೇಲೆ ಏನು ಮಾಡಿದರು ಎಂದು ಮರುವರ್ಷ ನ್ಯೂಯಾರ್ಕ್ ಟೈಮ್ಸ್ ವಿಚಾರಿಸಿದರೆ, ಒಬ್ಬರು ಬಾಲಿಯ ಹೋಟೆಲುಗಳಲ್ಲಿ ಕೂತು ಚಿತ್ರ ಬಿಡಿಸುತ್ತಿದ್ದರು, ಇನ್ನೊಬ್ಬರು ಅಲೆಗಳ ಮೇಲೆ ಹಲಗೆ ಸವಾರಿ ಮಾಡುತ್ತಿದ್ದರು. ಇತ್ತ ದಿವಾಳಿಯ ಲೆಕ್ಕ ನೋಡಲು ಕೋರ್ಟು ನೇಮಿಸಿದ ಅಧಿಕಾರಿಗಳು ಕಾಗದಪತ್ರಕ್ಕಾಗಿ ಇಬ್ಬರನ್ನೂ ಹುಡುಕುತ್ತಿದ್ದರು.

ವನವಾಸದಿಂದ ಹಿಂತಿರುಗುವ ದಾರಿ ಪಾಡ್‌ಕಾಸ್ಟಿನ ಮೂಲಕ ಹೋಗುತ್ತದೆ. ಎದುರಿಗೆ ಕೂತವರು ಸಾಮಾನ್ಯವಾಗಿ "ದುಡ್ಡು ಎಲ್ಲಿ?" ಎಂದು ಶುರು ಮಾಡುವುದಿಲ್ಲ. "ಆ ದಿನಗಳಲ್ಲಿ ನಿಮಗೆ ನಿದ್ದೆ ಬರುತ್ತಿತ್ತೇ?" ಎಂದು ಕೇಳುತ್ತಾರೆ. ನಿದ್ದೆ ಬರುತ್ತಿರಲಿಲ್ಲವಂತೆ. ಧ್ಯಾನ ಶುರು ಮಾಡಿದರಂತೆ. ಅಹಂಕಾರವೇ ಎಲ್ಲಕ್ಕೂ ಮೂಲ ಎಂಬುದು ಮೂರನೆಯ ವಾರದಲ್ಲಿ ಹೊಳೆಯಿತಂತೆ. ಅಹಂಕಾರ ಹೋದ ಮೇಲೆ ಉಳಿಯುವುದು ಏನು ಎಂದು ಕೇಳಿದರೆ ವೇದಾಂತಿಗಳು ಬ್ರಹ್ಮ ಎನ್ನುತ್ತಾರೆ. ಇವರಿಗೆ ಉಳಿಯುವುದು ಒಂದು ಹೊಸ ಟೋಕನ್.

ಝು ಮತ್ತು ಡೇವಿಸ್ ಅವರ ವಿಷಯದಲ್ಲಿ ಅದು ಒಂದು ಹೊಸ ಎಕ್ಸ್‌ಚೇಂಜ್ ಆಗಿ ಬಂತು. 2023ರ ಜನವರಿಯಲ್ಲಿ ಅವರ ಯೋಜನೆಯ ಕಡತ ಹೊರಬಿತ್ತು. 2.5 ಕೋಟಿ ಡಾಲರ್ ಬಂಡವಾಳ ಬೇಕೆಂದಿತ್ತು. ಹೆಸರು ಜಿಟಿಎಕ್ಸ್, ಏಕೆಂದರೆ ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎಫ್‌ಟಿಎಕ್ಸ್‌ನ ಎಫ್ ಆದ ಮೇಲೆ ಜಿ. ಜೊತೆಗೂಡಿದವರು ಕಾಯಿನ್‌ಫ್ಲೆಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜಿನ ಸ್ಥಾಪಕರು. ಅವರೂ ಹಿಂದಿನ ಜೂನ್‌ನಲ್ಲಿ ಗಿರಾಕಿಗಳಿಗೆ ಹಣ ಕೊಡುವುದನ್ನು ನಿಲ್ಲಿಸಿದ ಅನುಭವಸ್ಥರು. ಅಂಗಡಿಯ ಮುಖ್ಯ ಸರಕು ಏನು ಗೊತ್ತೇ? ದಿವಾಳಿಯಾದ ಕ್ರಿಪ್ಟೊ ಕಂಪನಿಗಳಿಂದ ಜನರಿಗೆ ಬರಬೇಕಾದ ಬಾಕಿ. ಬೇರೆಯವರು ಸಾಲ ತೀರಿಸಲೆಂದು ಅಂಗಡಿ ಇಡುತ್ತಾರೆ. ಇವರು ತೀರದ ಸಾಲವನ್ನೇ ಸರಕು ಮಾಡಿ ಅಂಗಡಿ ಇಟ್ಟರು. ಇಂಥ ಅಂಗಡಿಯ ಮುಂದೆ ಹಳೆಯ ಗಿರಾಕಿಯೊಬ್ಬ ಬಂದು ನಿಂತರೆ ಮಾತುಕತೆ ಹೀಗಿರುತ್ತದೆ:

"ಸರ್, ನಿಮ್ಮ ಹಳೆಯ ಕಂಪನಿಯಲ್ಲಿ ನನ್ನ ದುಡ್ಡು ಸಿಕ್ಕಿಕೊಂಡಿದೆ."

"ಸೂಪರ್ ಬ್ರೋ! ಹಾಗಾದರೆ ನಿನ್ನ ಹತ್ತಿರ ಒಂದು ಆಸ್ತಿ ಇದೆ."

"ಆಸ್ತಿಯೇ?"

"ಬರಬೇಕಾದ ಬಾಕಿ ಆಸ್ತಿಯಲ್ಲವೇ? ಇಲ್ಲಿ ಮಾರು, ಇಲ್ಲವೇ ಅಡವಿಟ್ಟು ಬೇರೆ ಏನಾದರೂ ಕೊಳ್ಳು."

"ಕೊಳ್ಳುವವರು ಯಾರು ಸರ್?"

"ನಿನ್ನ ಹಾಗೆಯೇ ನಮ್ಮ ಮೇಲೆ ನಂಬಿಕೆ ಇಟ್ಟವರು."

"ಅಡವಿಟ್ಟದ್ದು ಮುಳುಗಿದರೆ?"

"ಆಗ ನಿನ್ನ ಹತ್ತಿರ ಎರಡು ಆಸ್ತಿ ಇರುತ್ತದೆ, ಬ್ರೋ."

ಜಿಟಿಎಕ್ಸ್ ಎಂಬ ಹೆಸರಿಗೆ ಜನ ಉಗಿದ ಮೇಲೆ ಅದು ಒಪಿಎನ್‌ಎಕ್ಸ್ ಆಯಿತು. 2023ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು. ಮೊದಲ 24 ಗಂಟೆಯಲ್ಲಿ ಆದ ವಹಿವಾಟು 13.64 ಡಾಲರ್ ಎಂದು ವರದಿಯಾಯಿತು. ನಮ್ಮ ಲೆಕ್ಕದಲ್ಲಿ ಸಾವಿರದ ನೂರು ರೂಪಾಯಿಯ ಆಚೀಚೆ. ಅದರಲ್ಲೂ ಆ 64 ಸೆಂಟನ್ನು ಹಾಕಿದ ಪುಣ್ಯಾತ್ಮನ ಬಗ್ಗೆ ನನಗೆ ಬಹಳ ಕುತೂಹಲ. ಆಮೇಲೆ ನಿಯಮ ಮೀರಿದ್ದಕ್ಕೆ ದುಬೈ ನಿಯಂತ್ರಕರು ಒಂದು ಕೋಟಿ ದಿರ್ಹಮ್ ದಂಡ ಹಾಕಿದರು. ಸೆಪ್ಟೆಂಬರ್‌ನಲ್ಲಿ ಸಿಂಗಪುರದ ಹಣಕಾಸು ಪ್ರಾಧಿಕಾರ ಇಬ್ಬರಿಗೂ 9 ವರ್ಷ ನಿಷೇಧ ಹೇರಿತು. ಅದೇ ತಿಂಗಳ ಕೊನೆಗೆ ಝು ದೇಶ ಬಿಟ್ಟು ಹೊರಟಿದ್ದಾಗ ಚಾಂಗಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರು. ನಾಲ್ಕು ತಿಂಗಳ ಜೈಲು, ಕೋರ್ಟಿನ ಆದೇಶದಂತೆ ಲೆಕ್ಕ ಒಪ್ಪಿಸದಿದ್ದುದಕ್ಕೆ. ಅಂಗಡಿ 2024ರ ಫೆಬ್ರವರಿಯಲ್ಲಿ ಮುಚ್ಚಿತು.

ಇವರದಾದರೂ ಮುಖ ತೋರಿಸಿ ಬಂದ ಮರಳುವಿಕೆ. ಅಜ್ಞಾತವಾಸಿಗಳ ಪಂಗಡ ಬೇರೆಯೇ ಇದೆ. ಕ್ರಿಪ್ಟೊದಲ್ಲಿ ಸ್ವಂತ ಹೆಸರಿಲ್ಲದೆ, ಒಂದು ಕಾರ್ಟೂನ್ ಮುಖ ಇಟ್ಟುಕೊಂಡು ಕೋಟ್ಯಂತರ ಡಾಲರ್ ನೋಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ವಿರಾಟನ ಅಡುಗೆಮನೆ ಸೇರಿದ ಭೀಮನಾದರೂ ಸೌಟು ಹಿಡಿದು ಕೆಲಸ ತೋರಿಸಬೇಕಾಯಿತು. ಇಲ್ಲಿ ಅದೂ ಬೇಡ.

ವಂಡರ್‌ಲ್ಯಾಂಡ್ ಎಂಬ ಕ್ರಿಪ್ಟೊ ಯೋಜನೆಯ ಖಜಾನೆ ನೋಡಿಕೊಳ್ಳುತ್ತಿದ್ದವರ ಹೆಸರು ಸಿಫು. 2022ರ ಜನವರಿಯಲ್ಲಿ ಝಾಕ್‌ಎಕ್ಸ್‌ಬಿಟಿ ಎಂಬ ಪತ್ತೇದಾರ ಮುಸುಕು ಎಳೆದಾಗ ಒಳಗಿದ್ದವರು ಮೈಕೆಲ್ ಪ್ಯಾಟ್ರಿನ್, ಕೆನಡಾದಲ್ಲಿ ಜನರ ದುಡ್ಡಿನೊಂದಿಗೆ ಮುಳುಗಿದ ಕ್ವಾಡ್ರಿಗಾ ಎಕ್ಸ್‌ಚೇಂಜಿನ ಸಹ ಸ್ಥಾಪಕರು. ಅದು ಮುಳುಗುವುದಕ್ಕೆ ಮೊದಲೇ, 2016ರಲ್ಲಿ, ಅವರು ಹೊರಬಂದಿದ್ದರು ನಿಜ. ಆದರೆ ಅದಕ್ಕೂ ಹಿಂದೆ ಒಮರ್ ದನಾನಿ ಎಂಬ ಹೆಸರಿನಲ್ಲಿ, ಕದ್ದ ಕಾರ್ಡುಗಳ ಜಾಲವೊಂದರ ಪ್ರಕರಣದಲ್ಲಿ, ಅಮೆರಿಕದ ಜೈಲು ಕಂಡು ಬಂದಿದ್ದರು. ವಂಡರ್‌ಲ್ಯಾಂಡಿನ ಮುಖ್ಯಸ್ಥ ಡ್ಯಾನಿಯೆಲ್ ಸೆಸ್ಟಗಲ್ಲಿ ಆ ಸುದ್ದಿ ತಮಗೆ ಮೊದಲೇ ತಿಳಿದಿತ್ತೆಂದು ಒಪ್ಪಿಕೊಂಡರು. ತಾವು ಎರಡನೆಯ ಅವಕಾಶ ಕೊಡುವವರು, ಮನುಷ್ಯನ ಹಿಂದಿನದು ಮುಂದಿನದನ್ನು ನಿರ್ಧರಿಸಬಾರದು ಎಂದರು.

ಮಾತು ದೊಡ್ಡದೇ. ಕರ್ಣ ದಾನ ಕೊಟ್ಟದ್ದು ತನ್ನ ಮೈಮೇಲಿನ ಕವಚ. ಇಲ್ಲಿ ದಾನವಾದದ್ದು ಬೇರೆಯವರ ತಿಜೋರಿಯ ಬೀಗದ ಕೈ, ಅದೂ ಅವರಿಗೆ ಹೇಳದೆ. ಎರಡನೆಯದೆಂಬ ಎಣಿಕೆಯಲ್ಲೂ ಒಂದು ಬಿಟ್ಟುಹೋಗಿತ್ತು, ಜೈಲಿನ ನಂತರ ಕ್ವಾಡ್ರಿಗಾವೇ ಎರಡನೆಯದು. ಕಡೆಗೆ ಟೋಕನ್ ಇದ್ದವರನ್ನೇ ಮತಕ್ಕೆ ಕರೆದಾಗ ಸಿಫು ಬೇಡವೆಂದೇ ಬಹುಮತ ಬಂತು. ಬೇಡ ಎಂದರೆ ಈ ಲೋಕದಲ್ಲಿ "ಪಕ್ಕದ ಬೀದಿಗೆ ಹೋಗಿ" ಎಂದರ್ಥ. ಅದೇ ವರ್ಷ ಅವರು ಊವೂ ಲೆಂಡ್ ಎಂಬ ಸಾಲದ ವೇದಿಕೆ ತೆರೆದರು. 2024ರ ಜೂನ್‌ನಲ್ಲಿ ಯಾರೋ ಅದಕ್ಕೆ ಕನ್ನ ಹಾಕಿ ಸುಮಾರು 2 ಕೋಟಿ ಡಾಲರ್ ಹೊತ್ತೊಯ್ದರು. ಕಳೆದುಕೊಂಡವರಿಗೆ ವಾಪಸು ಕೊಡುವ ಕೆಲಸ ನಡೆದಿರುವಾಗಲೇ ಮತ್ತೊಮ್ಮೆ ಕನ್ನ ಬಿತ್ತು. ಎರಡನೆಯ ಅವಕಾಶದಲ್ಲಿ ಕಳ್ಳರಿಗೂ ನಂಬಿಕೆ ಇದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಆ ಕ್ವಾಡ್ರಿಗಾದ ಇನ್ನೊಬ್ಬ ಸ್ಥಾಪಕ ಜೆರಾಲ್ಡ್ ಕಾಟನ್ ಮಾತ್ರ ಎರಡನೆಯ ಅವಕಾಶ ಕೇಳಲಿಲ್ಲ. 2018ರ ಡಿಸೆಂಬರ್‌ನಲ್ಲಿ, ಭಾರತ ಪ್ರವಾಸದಲ್ಲಿದ್ದಾಗ, ಜೈಪುರದಲ್ಲಿ ತೀರಿಕೊಂಡರು. ಪಾಸ್‌ವರ್ಡುಗಳು ಅವರೊಬ್ಬರಿಗೇ ಗೊತ್ತಿದ್ದವು ಎಂದು ಕಂಪನಿ ಹೇಳಿತು. ನಡೆದದ್ದು ಮೋಸವೇ ಎಂದು ಒಂಟಾರಿಯೊದ ಷೇರು ನಿಯಂತ್ರಕರು 2020ರಲ್ಲಿ ವರದಿ ಕೊಟ್ಟರು. ಅದಕ್ಕೂ ಮೊದಲೇ ಹಣ ಕಳೆದುಕೊಂಡವರ ಪರ ವಕೀಲರು, ಹೆಣ ಹೊರತೆಗೆದು ಅದು ಅವರದೇ ಎಂದು ಖಚಿತಪಡಿಸಿ ಎಂದು ಪೊಲೀಸರಿಗೆ ಬರೆದಿದ್ದರು. ಸತ್ತವರು ಸತ್ತೇ ಇದ್ದಾರೆ ಎಂದು ನಂಬಲೂ ಈ ಲೋಕದ ಜನಕ್ಕೆ ಧೈರ್ಯ ಸಾಲದು. ಅಷ್ಟು ಜನ ಮರಳಿ ಬಂದದ್ದನ್ನು ಅವರು ನೋಡಿದ್ದಾರೆ.

ಹಾಗಾದರೆ ಈ ಅವಕಾಶ ಕೊಡುವವರು ಯಾರು? ಅದರಲ್ಲಿ ವರ್ಗಗಳಿವೆ.

ಮೊದಲನೆಯವರು ದುಡ್ಡು ಕಳೆದುಕೊಂಡವರೇ. ಅವರದು ಔದಾರ್ಯವಲ್ಲ, ಲೆಕ್ಕಾಚಾರ. ಮುಳುಗಿದ್ದು ಮೇಲೆ ಬರಬೇಕಾದರೆ ಮುಳುಗಿಸಿದವರೇ ಎದ್ದು ನಿಲ್ಲಬೇಕು. 2022ರ ಮೇ ತಿಂಗಳಲ್ಲಿ ದೋ ಕ್ವಾನ್ ಅವರ ಟೆರಾ ಮತ್ತು ಲೂನಾ ನಾಣ್ಯಗಳು ಕುಸಿದು ಸುಮಾರು 4,000 ಕೋಟಿ ಡಾಲರ್ ಮಾಯವಾಯಿತು. ಸೂತಕ ಕಳೆಯುವ ಮೊದಲೇ, ಅದೇ ತಿಂಗಳ 28ಕ್ಕೆ, ಹೊಸ ಲೂನಾ ಹುಟ್ಟಿತು. ಕಳೆದುಕೊಂಡವರ ಕೈಗೇ ಅದನ್ನು ಹಂಚಲಾಯಿತು. ಬೈಯಬೇಕಾಗಿದ್ದ ಬಾಯಿಗಳೆಲ್ಲ ಒಂದೇ ದಿನದಲ್ಲಿ ಜೈ ಅನ್ನಬೇಕಾಯಿತು, ಏಕೆಂದರೆ ಬೈದರೆ ಬೀಳುವುದು ಅವರದೇ ನಾಣ್ಯ. ಬೈಯದಿದ್ದರೂ ಅದು ಮೊದಲ ದಿನವೇ ಬಿತ್ತು. ಅಸಲಿಗೆ ಟೆರಾ ಕೂಡ ಮೊದಲ ಪ್ರಯತ್ನವಲ್ಲ, ಬೇಸಿಸ್ ಕ್ಯಾಶ್ ಎಂಬ ಕುಸಿದ ನಾಣ್ಯದ ಹಿಂದೆಯೂ ಕ್ವಾನ್ ಬೇರೆ ಹೆಸರಿನಲ್ಲಿ ಇದ್ದರು ಎಂದು ಕಾಯಿನ್‌ಡೆಸ್ಕ್ ಸುದ್ದಿತಾಣ ಅದೇ ತಿಂಗಳು ವರದಿ ಮಾಡಿತು. 2023ರಲ್ಲಿ ಅವರು ಮಾಂಟೆನೆಗ್ರೊದ ವಿಮಾನ ನಿಲ್ದಾಣದಲ್ಲಿ ನಕಲಿ ಪಾಸ್‌ಪೋರ್ಟಿನೊಂದಿಗೆ ಸಿಕ್ಕಿದರು. 2025ರ ಡಿಸೆಂಬರ್‌ನಲ್ಲಿ ಅಮೆರಿಕದ ಕೋರ್ಟು 15 ವರ್ಷ ವಿಧಿಸಿತು.

ಎರಡನೆಯವರು ದೊಡ್ಡ ಬಂಡವಾಳಗಾರರು. ವಿವರ್ಕ್ ಕಂಪನಿಯಿಂದ ಹೊರಬೀಳಬೇಕಾಗಿ ಬಂದ ಆಡಮ್ ನ್ಯೂಮನ್ ಸಹ ಸ್ಥಾಪಕರಾಗಿದ್ದ ಫ್ಲೋಕಾರ್ಬನ್ ಎಂಬ ಕ್ರಿಪ್ಟೊ ಕಂಪನಿಗೆ 2022ರಲ್ಲಿ 7 ಕೋಟಿ ಡಾಲರ್ ಬಂತು. ಅದರ ಟೋಕನ್ನಿನ ಹೆಸರು ಪ್ರಕೃತಿ ದೇವಿಯ ಮೇಲೆ. ದೇವಿ ಪ್ರತ್ಯಕ್ಷಳಾಗಲಿಲ್ಲ, ಮುಂಗಡ ಕೊಟ್ಟವರಿಗೆ ದುಡ್ಡು ಹಿಂದಿರುಗಿಸಿದರು. ಈ ವರ್ಗದವರ ನಂಬಿಕೆ ಸರಳ: ಒಂದು ಸಲ ಅಷ್ಟು ದೊಡ್ಡ ಮೊತ್ತ ಎತ್ತಿದವರಿಗೆ ಇನ್ನೊಮ್ಮೆ ಎತ್ತುವುದು ಗೊತ್ತಿರುತ್ತದೆ. ಹತ್ತು ಸಾವಿರ ರೂಪಾಯಿ ಕೈಸಾಲ ತೀರಿಸದವನಿಗೆ ಮುಂದೆ ಚಹಾ ಕೂಡ ಸಾಲ ಸಿಗದು. ಹತ್ತು ಸಾವಿರ ಕೋಟಿ ತೀರಿಸದವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ನಮ್ಮ ಹಿರಿಯರು ಹೇಳಿದ್ದು ಬ್ಲಾಕ್‌ಚೇನ್ ಬರುವುದಕ್ಕೆ ಬಹಳ ಮೊದಲು.

ಮೂರನೆಯದು ಸರ್ಕಾರ. ಬಿಟ್‌ಮೆಕ್ಸ್ ಎಕ್ಸ್‌ಚೇಂಜಿನ ಆರ್ಥರ್ ಹೇಯ್ಸ್‌ಗೆ 2025ರ ಮಾರ್ಚ್‌ನಲ್ಲಿ, ಬೈನಾನ್ಸ್ ಎಕ್ಸ್‌ಚೇಂಜಿನ ಚಾಂಗ್‌ಪೆಂಗ್ ಝಾವೊಗೆ ಅಕ್ಟೋಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು. ಇವರಿಬ್ಬರನ್ನು ಮೇಲಿನ ಪಂಕ್ತಿಯಲ್ಲಿ ಕೂರಿಸುವುದು ನ್ಯಾಯವಲ್ಲ. ಅವರ ಮೇಲಿದ್ದದ್ದು ಕಪ್ಪುಹಣ ತಡೆಯುವ ನಿಯಮ ಪಾಲಿಸದ ಆರೋಪ, ಗಿರಾಕಿಗಳ ದುಡ್ಡು ನುಂಗಿದ್ದಲ್ಲ. ತಪ್ಪೊಪ್ಪಿಕೊಂಡು ಒಬ್ಬರು ಆರು ತಿಂಗಳು ಗೃಹಬಂಧನದಲ್ಲಿ, ಇನ್ನೊಬ್ಬರು ನಾಲ್ಕು ತಿಂಗಳು ಜೈಲಿನಲ್ಲಿ ಕಳೆದರು. ಆದರೆ ನಮ್ಮ ಮಹಾಶಯರು ಇಂಥ ವ್ಯತ್ಯಾಸಗಳಿಗೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಒಬ್ಬರಿಗೆ ಕ್ಷಮೆ ಸಿಕ್ಕ ದಿನ ಉಳಿದವರೆಲ್ಲರೂ ಅರ್ಜಿ ಬರೆಯಲು ಕೂರುತ್ತಾರೆ.

ನಾಲ್ಕನೆಯವರೇ ಮುಖ್ಯ, ಹೊಸಬರು. ಬೆಲೆ ಏರಿದಾಗಲೆಲ್ಲ ಅವರು ಹಿಂಡುಹಿಂಡಾಗಿ ಬರುತ್ತಾರೆ. ಅವರಿಗೆ ಹಳೆಯ ಕಥೆ ಗೊತ್ತಿಲ್ಲ, ಹೇಳಿದರೆ ಹೇಳಿದವರನ್ನೇ ಹೊಟ್ಟೆಕಿಚ್ಚಿನವರು ಎನ್ನುತ್ತಾರೆ. ಮಹಾಶಯರು ಕ್ಷಮೆ ಕೇಳಲು ಹೊರಡುವ ಮುನ್ನ ರಾಹುಕಾಲ ನೋಡುವುದಿಲ್ಲ, ಬಿಟ್‌ಕಾಯಿನ್ ದರ ನೋಡುತ್ತಾರೆ. ಎಫ್‌ಟಿಎಕ್ಸ್ ಕುಸಿದ ತಿಂಗಳು ಅದು 16,000 ಡಾಲರಿನ ಸುತ್ತ ಇತ್ತು. ಆಗ ಎಲ್ಲರ ಬಾಯಲ್ಲೂ ಜೈಲಿನ ಮಾತು. 2024ರ ಡಿಸೆಂಬರ್‌ನಲ್ಲಿ ಅದು ಒಂದು ಲಕ್ಷ ದಾಟಿತು, ಹಳೆಯ ಪಾಪಗಳೆಲ್ಲ ಅನುಭವವಾದವು. ಬರೆದದ್ದನ್ನು ಯಾರೂ ಅಳಿಸಲಾಗದು ಎಂಬುದೇ ಬ್ಲಾಕ್‌ಚೇನ್ ಖಾತೆಯ ಹೆಮ್ಮೆ. ಅದನ್ನು ಬಳಸುವವರ ನೆನಪು ಮಾತ್ರ ದರ ಏರಿದಷ್ಟೂ ಅಳಿಯುತ್ತದೆ. ದರ ಏರಿದ ಸುಖ ಎಫ್‌ಟಿಎಕ್ಸ್‌ನಲ್ಲಿ ಬಿಟ್‌ಕಾಯಿನ್ ಇಟ್ಟಿದ್ದವರಿಗೆ ಸಿಗಲಿಲ್ಲ ಎಂಬುದು ಬೇರೆ ಮಾತು. ಅವರಿಗೆ ಬಡ್ಡಿ ಸೇರಿಸಿ ವಾಪಸು ಬಂದದ್ದು 2022ರ ನವೆಂಬರ್ ದರದಲ್ಲಿ.

ಬಿದ್ದವರು ಏಳಬಾರದೆಂದು ಯಾರೂ ಹೇಳುತ್ತಿಲ್ಲ. ದಿವಾಳಿ ಕಾನೂನುಗಳು ಇರುವುದೇ ಪ್ರಾಮಾಣಿಕವಾಗಿ ಸೋತವರು ಮತ್ತೆ ಶುರು ಮಾಡಲಿ ಎಂದು. ಅವು ಕೇಳುವುದು ಸಣ್ಣ ಸಂಗತಿ: ಲೆಕ್ಕದ ಪುಸ್ತಕ ಒಪ್ಪಿಸಿ, ಉಳಿದದ್ದು ಎಲ್ಲಿದೆ ಹೇಳಿ, ಆಮೇಲೆ ಹೋಗಿ. ನಮ್ಮ ದೇಶದ ದಿವಾಳಿ ಸಂಹಿತೆಗೆ 2017ರಲ್ಲಿ 29ಎ ಎಂಬ ಕಲಂ ಸೇರಿಸಿದ್ದು ಕೂಡ, ಬೇಕೆಂದೇ ಸಾಲ ತೀರಿಸದ ಮಾಲೀಕರು ತಮ್ಮದೇ ಮುಳುಗಿದ ಕಂಪನಿಯನ್ನು ಹಿಂಬಾಗಿಲಿನಿಂದ ಅಗ್ಗಕ್ಕೆ ಎತ್ತಿಕೊಳ್ಳದಿರಲಿ ಎಂದು. ಬಾಗಿಲು ತೆರೆದೇ ಇದೆ, ಒಳಗೆ ಹೋಗುವಾಗ ಲೆಕ್ಕ ತೋರಿಸಬೇಕು, ಅಷ್ಟೆ. ಮಹಾಶಯರು ಆ ಬಾಗಿಲು ಬಿಟ್ಟು ಕಿಟಕಿಯಿಂದಲೇ ಬರುವುದು ಏಕೆಂದು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಇವರು ಎದುರಾದಾಗ ಮುಖ ತಿರುಗಿಸಬೇಡಿ. ಎರಡನೆಯ ಅವಕಾಶ ಕೊಡಿ, ಬೇಕಾದರೆ ಮೂರನೆಯದನ್ನೂ ಕೊಡಿ. ಒಂದೇ ಒಂದು ಷರತ್ತು ಹಾಕಿ ನೋಡಿ: ಈ ಸಲದ ಬಂಡವಾಳ ಅವರ ಸ್ವಂತದ್ದಾಗಿರಲಿ. ಮಾತು ಮುಗಿಯುವ ಮೊದಲೇ ಮಹಾಶಯರಿಗೆ ಬಾಲಿಯಲ್ಲಿ ಅರ್ಧಕ್ಕೆ ಬಿಟ್ಟು ಬಂದ ಚಿತ್ರ ನೆನಪಾಗುತ್ತದೆ.